ಶನಿವಾರದ ಮಕ್ಕಳಿಗೊಂದು ಕೆಲಸ

ಶುಕ್ರವಾರ ದೀಪ ಹಚ್ಚಿದ ಮೇಲೆ ಮನೆಯ ಕಸ ಹೊರಗೆ ಹಾಕಬಾರದು, ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂದು ನನ್ನ ತಾಯಿ ಹೇಳುತ್ತಿದ್ದರು. ಚಾಂಪಿಯನ್ ರೀಫ್ಸ್‌ನ ನಮ್ಮ ಲೈನಿನಲ್ಲಿ ಮಾತ್ರ ಶುಕ್ರವಾರ ದೀಪ ಹಚ್ಚಿದ ಮೇಲೆಯೇ ಕಸ ಬೀಳುತ್ತಿತ್ತು, ಅದೂ ಚೀಲಗಟ್ಟಲೆ. ಹಾಕುತ್ತಿದ್ದವಳು ಎದುರು ಮನೆಯ ಅಕ್ಕ. ಅವಳು ಪ್ರತಿ ಭಾನುವಾರ ಚರ್ಚಿಗೆ ಹೋಗುವವಳು. "ನಿಮ್ ಲಕ್ಷ್ಮಿ ನನ್ನ ಮೇಲೆ ಕೋಪ ಮಾಡ್ಕೊಳ್ಳಲ್ಲ ಮಿಸ್, ನಾನೇ ಸುರೀತೀನಿ" ಎಂದು ಗಣಿ ಸಾಹೇಬರ ಹಳೆ ಬಂಗಲೆಯ ಹಿಂದಿನಿಂದ ಗೋಣಿಚೀಲದಲ್ಲಿ ಒಣಎಲೆ ತುಂಬಿ ತಂದು ಚರಂಡಿಯ ಉದ್ದಕ್ಕೂ ಸುರಿಯುತ್ತಿದ್ದಳು. ನಾವು ಉಳಿದ ಹೆಂಗಸರು ಬಾಗಿಲಲ್ಲಿ ನಿಂತು, ಇಲ್ಲಿಷ್ಟು, ಅಲ್ಲಿಷ್ಟು ಎಂದು ಸಲಹೆ ಕೊಡುತ್ತಿದ್ದೆವು.

ಇದೆಲ್ಲ ಯಾಕೆಂದರೆ, ಮಾರನೆಯ ದಿನ ಶನಿವಾರ. ಶನಿವಾರ ಆನರ್ಸ್ ಮಕ್ಕಳು ಬರುತ್ತಿದ್ದರು.

ಲೈನು ಎಂದರೆ ಗಣಿ ಕೆಲಸಗಾರರಿಗಾಗಿ ಹಿಂದೆ ಕಟ್ಟಿದ ಸಾಲುಮನೆ. ಗಣಿ ನಿಂತು ಎಷ್ಟೋ ಕಾಲವಾಯಿತು, ಜನ ನಿಂತಿದ್ದಾರೆ. ನಾವು ಗಣಿಯವರಲ್ಲ. ನಮ್ಮ ಯಜಮಾನರು ಚಿತ್ರದುರ್ಗದ ಕಡೆಯಿಂದ ಇಲ್ಲಿನ ಕಾರ್ಖಾನೆಗೆ ಕೆಲಸಕ್ಕೆ ಬಂದವರು, ನಾನು ಆಂಡರ್ಸನ್‌ಪೇಟೆಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು. ನಿವೃತ್ತಿಯಾಗಿ ಕ್ವಾರ್ಟರ್ಸ್ ಬಿಡಬೇಕಾಗಿ ಬಂದಾಗ ಊರಿಗೆ ಹೋಗೋಣ ಎಂದು ಅವರು, ಇಲ್ಲೇ ಇರೋಣ ಎಂದು ನಾನು. ಗೆದ್ದವಳು ನಾನೇ. ಈ ಲೈನಿನ ತುದಿಯ ಮನೆ ಸಿಕ್ಕಿತು. ಬಂದ ವಾರದಲ್ಲೇ ನಲ್ಲಿಯ ಬಳಿ ಮೂರು ಭಾಷೆಯಲ್ಲಿ ಜಗಳವಾಡಿ ಎಲ್ಲರ ಸ್ನೇಹ ಸಂಪಾದಿಸಿದೆ.

ವಿಶ್ವವಿದ್ಯಾಲಯದ ಆನರ್ಸ್ ಕೋರ್ಸಿನವರಿಗೆ ಪಾಠದ ಜೊತೆಗೆ ಸಮುದಾಯ ಸೇವೆ ಕಡ್ಡಾಯ. ಇಷ್ಟು ಗಂಟೆ ಎಂದು ಲೆಕ್ಕ. ಆ ಗಂಟೆ ತುಂಬದಿದ್ದರೆ ಎಷ್ಟೇ ಅಂಕ ಬಂದರೂ ನಾಲ್ಕನೆಯ ವರ್ಷಕ್ಕೆ ಸೇರಿಸುವುದಿಲ್ಲ, ಮೂರಕ್ಕೇ ಸಾಮಾನ್ಯ ಪದವಿ ಕೊಟ್ಟು ಕಳಿಸುತ್ತಾರೆ. ಮೊದಲ ತಂಡವನ್ನು ಕರೆತಂದವರು ಕನ್ನಡ ಓದು ಬರಹ ಬಲ್ಲವರು ಯಾರಿದ್ದಾರೆ ಎಂದು ವಿಚಾರಿಸಿ ನಮ್ಮ ಬಾಗಿಲು ತಟ್ಟಿದರು. ಅಂದಿನಿಂದ ಮಕ್ಕಳ ಗಂಟೆಗಳಿಗೆ ಸಹಿ ಹಾಕುವ ಅಧಿಕಾರ ನನ್ನದಾಯಿತು. ಅಧಿಕಾರ ಎಂದರೆ ನನಗೆ ಮೊದಲಿನಿಂದಲೂ ಇಷ್ಟ.

ಆ ಮೊದಲ ತಂಡ ಪೊರಕೆ, ಕೈಗವಸು, ಮುಖಕ್ಕೆ ಬಟ್ಟೆ ಎಲ್ಲ ಕಟ್ಟಿಕೊಂಡು ರೈಲಿಳಿದು ಬಂದಾಗ ಲೈನು ಕನ್ನಡಿಯಂತಿತ್ತು. ನಮ್ಮ ಹೆಂಗಸರು ಕೋಳಿ ಕೂಗುವುದಕ್ಕೆ ಮೊದಲೇ ಗುಡಿಸಿ, ನೀರು ಚಿಮುಕಿಸಿ, ಕೋಲಂ ಎನ್ನುವ ರಂಗೋಲಿ ಹಾಕಿ ಮುಗಿಸಿದ್ದರು. ಮಕ್ಕಳು ಪೊರಕೆ ಹಿಡಿದು ನಿಂತೇ ಇದ್ದವು. ಒಂದು ಹುಡುಗ ಇದ್ದ ಒಂದೇ ಬೇವಿನ ಎಲೆಯನ್ನು ಮೂರು ಸಲ ಎತ್ತಿ ಹಾಕಿದ. ಎದುರು ಮನೆಯ ಅಕ್ಕ ಮರುಕದಿಂದ ನನ್ನ ಬಳಿ ಬಂದಳು. "ಪಾವಂ ಮಿಸ್. ರೈಲು ಹತ್ಕೊಂಡ್ ಬಂದವೆ. ಮನೆಗ್ ಬಂದೋರ್ನ ಬರಿಗೈಲಿ ಕಳ್ಸಬಾರ್ದು" ಎಂದಳು. ಊಟ ಕೇಳಿ ಬಂದವರಿಗೆ ಊಟ, ನೀರು ಕೇಳಿ ಬಂದವರಿಗೆ ನೀರು, ಕೆಲಸ ಕೇಳಿ ಬಂದವರಿಗೆ ಕೆಲಸ. ಮುಂದಿನ ಸಲ ಬರುವ ಹಿಂದಿನ ಸಂಜೆ ಮೊದಲ ಗೋಣಿಚೀಲ ಬಂತು. ಆಮೇಲೆ ಅದು ನಮ್ಮ ಲೈನಿನ ಸಂಪ್ರದಾಯವೇ ಆಗಿಹೋಯಿತು.

ಮಕ್ಕಳು ಖುಷಿಯಾಗಿ ಗುಡಿಸಿದರು, ಫೋಟೋ ತೆಗೆಸಿಕೊಂಡರು, ಅಕ್ಕನ ಮನೆಯಲ್ಲಿ ಇಡ್ಲಿ ತಿಂದರು, ಓದಿ ಮುಗಿಸಿ ದೊಡ್ಡವರಾದರು. ಒಬ್ಬಳು ಯಾವುದೋ ಜಿಲ್ಲೆಯಲ್ಲಿ ಅಧಿಕಾರಿಯಾದಳು. ಚರಂಡಿಯ ವಾಸನೆಗೆ ತಲೆ ತಿರುಗಿ ಬಿದ್ದವನು ಕಾನೂನು ಓದಿ ವಕೀಲನಾದ. ಒಬ್ಬ ಮದುವೆಯ ಕರೆಯೋಲೆ ತಂದು ಪ್ರತಿ ಮನೆಗೂ ಕೊಟ್ಟು ಹೋದ. ವಿಶ್ವವಿದ್ಯಾಲಯದವರು ಇವರೆಲ್ಲ ನಮ್ಮ ಹಳೆಯ ವಿದ್ಯಾರ್ಥಿಗಳು ಎಂದು ಹೆಮ್ಮೆ ಪಡುತ್ತಿದ್ದರೆ, ನಮ್ಮ ನಲ್ಲಿಕಟ್ಟೆಯಲ್ಲಿ ಅದೇ ಹೆಮ್ಮೆ ಬೇರೆ ಥರ. "ನಮ್ ಚರಂಡಿ ಬಳಿದೋರು ಯಾರೂ ಕೆಟ್ಟಿಲ್ಲ" ಎಂದು ಅಕ್ಕ ಹರಕೆ ಹೊತ್ತ ದೇವರ ಬಗ್ಗೆ ಹೇಳುವ ಧಾಟಿಯಲ್ಲಿ ಹೇಳುತ್ತಿದ್ದಳು. ಪಕ್ಕದ ಲೈನಿನಾಕೆ ತನ್ನ ಮೊಮ್ಮಗನನ್ನು ಪರೀಕ್ಷೆಗೆ ಮುಂಚೆ ಇಲ್ಲಿ ಗುಡಿಸಲು ಕಳಿಸಿದ್ದೂ ಉಂಟು.

ಎರಡನೆಯ ತಂಡದಲ್ಲಿ ಬಂದು ಗುಡಿಸಿ ಹೋದ ಒಬ್ಬ ಹುಡುಗ ಅದೇ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದ. ಈಗ ಸೇವೆಯ ಉಸ್ತುವಾರಿ ಅವರದೇ. ಹೊಸಬರಿಗೆ ಪ್ರತಿ ವರ್ಷ ಭಾಷಣ ಮಾಡುವಾಗ, ಚಾಂಪಿಯನ್ ರೀಫ್ಸ್‌ನ ಕಸ ತನ್ನ ಕಣ್ಣು ತೆರೆಸಿತು ಎಂದು ಹೇಳುತ್ತಾರಂತೆ. ನಮಗೆ ಅದು ಕಿವಿಗೆ ಬಿದ್ದಾಗ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಾರೂ ಅವರಿಗೆ ಏನೂ ಹೇಳಲಿಲ್ಲ.

ಹೀಗೆ ಎಲ್ಲ ಸುಖವಾಗಿ ನಡೆಯುತ್ತಿರುವಾಗ ಆ ಹುಡುಗಿ ಬಂದಳು.

ಬಂಗಾರಪೇಟೆಯ ಪಕ್ಕದ ಹಳ್ಳಿಯವಳು. ಮನೆಯಲ್ಲಿ ಹಸುಗಳು, ರಾಗಿ ಹೊಲ, ಒಂದಿಷ್ಟು ಟೊಮೆಟೊ. ವಾರವೆಲ್ಲ ಹಾಸ್ಟೆಲಿನಲ್ಲಿದ್ದು ಓದುವುದು, ಶುಕ್ರವಾರ ರಾತ್ರಿ ಊರಿಗೆ ಬಂದು ಶನಿವಾರ, ಭಾನುವಾರ ಅಪ್ಪನ ಬದಲು ತಾನೇ ಹಾಲು ಹಾಕುವುದು. ಮೂರನೆಯ ವರ್ಷ. ಹಾಲಿನ ದೆಸೆಯಿಂದ ಮೊದಲೆರಡು ವರ್ಷದ ಸೇವೆಯ ಗಂಟೆಗಳು ಬಾಕಿ ಉಳಿದಿದ್ದವು. ಬೇಸಿಗೆಯ ಹೊತ್ತಿಗೆ ಅವೆಲ್ಲ ತುಂಬಬೇಕಿತ್ತು. ತುಂಬದಿದ್ದರೆ ನಾಲ್ಕನೆಯ ವರ್ಷವಿಲ್ಲ, ಹಾಸ್ಟೆಲಿಲ್ಲ, ಫೀಸಿನ ವಿನಾಯಿತಿಯೂ ಇಲ್ಲ. ಬಂದ ಮೊದಲ ದಿನವೇ ಇದನ್ನೆಲ್ಲ ನನಗೆ ಹೇಳಿ, "ಮಿಸ್, ನಂಗೆ ಜಾಸ್ತಿ ಕೆಲ್ಸ ಕೊಡಿ" ಎಂದಳು. ಕೊಟ್ಟರಾಯಿತು ಬಿಡು, ಎರಡು ಚೀಲ ಜಾಸ್ತಿ ಎಂದುಕೊಂಡೆ ಮನಸ್ಸಿನಲ್ಲಿ.

ಎರಡನೆಯ ಶನಿವಾರ ಅವಳು ಗುಡಿಸುತ್ತಿದ್ದವಳು ನಿಂತು, ಬಗ್ಗಿ, ಒಂದು ಹಿಡಿ ಎಲೆ ಎತ್ತಿಕೊಂಡು ನನ್ನ ಬಳಿಗೆ ಬಂದಳು.

"ಮಿಸ್, ಈ ಕಸ ಇಲ್ಲೀದಲ್ಲ."

"ಕಸಕ್ಕೂ ಊರು ಕೇರಿ ಇರುತ್ತೇನೇ?" ಎಂದೆ.

"ಇದು ಮಳೆಮರದ ಎಲೆ. ಇದ್ರ ಕಾಯಿನ ನಮ್ಮೂರಲ್ಲಿ ಅಸುಗುಳ್ಗೆ ಆಕ್ತೀವಿ, ನಂಗೊತ್ತಿಲ್ವಾ? ನಿಮ್ ಲೈನಲ್ಲಿ ಇರೋದು ನುಗ್ಗೆ ಮರ, ಅಲ್ಲೊಂದು ಬೇವು. ಎಲೆ ಏನ್ ನಡ್ಕೊಂಡ್ ಬಂತಾ? ಗುಡ್ಡೆ ನೋಡಿದ್ರೆ ಗೋಣಿಚೀಲ ಮಗುಚಿದಂಗೈತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಅಕ್ಕ ಅಲ್ಲೇ ಬಾಗಿಲಲ್ಲಿ ನಿಂತು ಸೀರೆಗೆ ಅಂಟಿದ್ದ ಎಲೆಚೂರು ಕೊಡವಿಕೊಂಡಳು. ಹುಡುಗಿ ನೋಡಿಯೇ ಬಿಟ್ಟಳು. ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ. ಅವಳನ್ನು ಒಳಗೆ ಕರೆದು ಕಾಫಿ ಕೊಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಕಾಫಿ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು, "ಇದ್ನ ಗಂಟೆ ಅಂತ ನಾನ್ ಬರ್ಕೊಳ್ಳಾಕಾಗಲ್ಲ ಮಿಸ್" ಎಂದಳು.

"ಇಷ್ಟು ವರ್ಷ ಎಲ್ಲರೂ ಬರೆದುಕೊಂಡರು."

"ಅವ್ರಿಗ್ ಗೊತ್ತಿರ್ಲಿಲ್ಲ. ನಂಗ್ ಗೊತ್ತಾಯ್ತಲ್ಲ."

ನನಗೆ ರೇಗಿತು. ನೇರವಾಗಿಯೇ ಹೇಳುತ್ತೇನೆ, ಸತ್ಯವಂತರನ್ನು ಕಂಡರೆ ನನಗೆ ಗೌರವ ಬರುವುದು ಆಮೇಲೆ, ಮೊದಲು ಬರುವುದು ಸಿಟ್ಟು. "ಹಾಗಾದರೆ ಹೋಗಿ ಹಸು ಮೇಯಿಸು" ಎಂದುಬಿಟ್ಟೆ. "ಅದೂ ಮಾಡ್ತೀನಿ, ಬೆಳಿಗ್ಗೆ" ಎಂದಳು. ಸೊಕ್ಕಿನಿಂದಲ್ಲ, ನಿಜವಾದ ಉತ್ತರವಾಗಿಯೇ. ಆಮೇಲೆ ಮೆಲ್ಲಗೆ, "ನಿಜವಾದ್ ಕೆಲ್ಸ ಏನಾರ ಇದ್ರೆ ಏಳಿ ಮಿಸ್. ನಂಗ್ ಇನ್ನೂ ಓದ್ಬೇಕು" ಎಂದಳು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಮರುದಿನದಿಂದ ನಾನು ಮನೆ ಮನೆಗೆ ಹೋಗಿ ನಿಜವಾದ ಕೆಲಸ ಹುಡುಕತೊಡಗಿದೆ. ನಿಮಗೇನು ಬೇಕು, ಯಾವುದರಲ್ಲಿ ಕಷ್ಟ ಎಂದು ಕೇಳಿದರೆ ನಮ್ಮ ಲೈನಿನವರಿಗೆ ಬೈದ ಹಾಗಾಗುತ್ತದೆ. "ನಮ್ಗೇನ್ ಕಮ್ಮಿ ಆಗೈತೆ?" ಎಂದಳು ಒಬ್ಬಳು, ಬಾಗಿಲು ಅರ್ಧ ಮುಚ್ಚಿಕೊಂಡು. ಇನ್ನೊಬ್ಬಳು "ಯಾಕ್ ಮಿಸ್, ನಿಮ್ಮ ಮನೇಲಿ ಪಾತ್ರೆ ತೊಳ್ದಾಯ್ತಾ?" ಎಂದಳು. ಮೂಲೆಮನೆಯವಳು ತನ್ನ ಮಗನ ಕಾಲೇಜಿನ ಪ್ರಾಜೆಕ್ಟು ಬರೆದುಕೊಡಲಿ ಎಂದಳು, ಅವಳನ್ನು ನಾನೇ ಬೈದು ಬಂದೆ. ಅಕ್ಕನಂತೂ ಸಿಕ್ಕಿಬಿದ್ದ ಅವಮಾನದಲ್ಲಿ ಎರಡು ದಿನ ನನ್ನ ಜೊತೆಗೆ ಮಾತೇ ಆಡಲಿಲ್ಲ. ಇಷ್ಟು ಜನಕ್ಕೆ ಸೇವೆ ಮಾಡಿಸಿದ ನಮ್ಮ ಲೈನಿನಲ್ಲಿ ಸೇವೆ ಬೇಕಾದವರು ಒಬ್ಬರೂ ಇರಲಿಲ್ಲ.

ಮುಂದಿನ ಸಲ ಹುಡುಗಿ ರೈಲಿನಲ್ಲಿ ಬರಲಿಲ್ಲ. ಹಾಲು ಹಾಕುವುದು ತಡವಾಗಿ ರೈಲು ತಪ್ಪಿ, ಅಪ್ಪನ ಮೊಪೆಡ್ಡಿನಲ್ಲೇ ಬಂದಿದ್ದಳು, ಎರಡು ಕಡೆ ಖಾಲಿ ಕ್ಯಾನು ಕಟ್ಟಿಕೊಂಡು. ಲೈನಿನ ತುದಿಯಿಂದಲೇ ಸದ್ದು ಕೇಳಿಸಿತು. ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದು, ನನ್ನ ಮುಖ ನೋಡಿಯೇ ಕೆಲಸ ಸಿಕ್ಕಿಲ್ಲವೆಂದು ತಿಳಿದುಕೊಂಡು ಸುಮ್ಮನೆ ನಮ್ಮ ಜಗಲಿಯ ಮೇಲೆ ಕೂತಳು.

ಅಕ್ಕ ಮನೆಯಿಂದ ಹೊರಗೆ ಬಂದಳು. ನಮ್ಮಿಬ್ಬರನ್ನೂ ನೋಡಲಿಲ್ಲ. ಮೊಪೆಡ್ಡಿನ ಸುತ್ತ ಒಂದು ಸುತ್ತು ಬಂದಳು. ಕ್ಯಾನು ತಟ್ಟಿ ನೋಡಿದಳು. ಹ್ಯಾಂಡಲ್ ಹಿಡಿದುಕೊಂಡಳು, ಬಿಟ್ಟಳು, ಮತ್ತೆ ಹಿಡಿದುಕೊಂಡಳು.

"ಇದ್ನ ನೀನೇ ಓಡಿಸ್ಕೊಂಡ್ ಬಂದ್ಯಾ ಕಣ್ಣು, ಬಂಗಾರಪೇಟೆಯಿಂದ?"

"ಊಂ ಅಕ್ಕ. ಊರಿಗ್ ಬಂದಾಗೆಲ್ಲ ಆಲು ಆಕೋದು ಇದ್ರಲ್ಲೇ."

"ಭಯ ಇಲ್ವಾ?"

"ಕ್ಯಾನ್ ತುಂಬಿದ್ರೆ ವಸಿ ಭಯ. ಆಲು ಚೆಲ್ತದೆ ಅಂತ."

ಅಕ್ಕ ಸೀಟಿನ ಧೂಳನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದಳು. ಮೊಣಕಾಲು ನೋವಿಗೆ ಆಂಡರ್ಸನ್‌ಪೇಟೆಯ ಡಾಕ್ಟರ ಬಳಿ ಹೋಗಬೇಕಾದರೂ ಷೇರ್ ಆಟೋ ತುಂಬುವ ತನಕ ಬಿಸಿಲಲ್ಲಿ ನಿಲ್ಲಬೇಕು. ಮಗನನ್ನು ಕೇಳಿದರೆ ಅವನಿಗೆ ಪಾಳಿ ಕೆಲಸ. ಗಾಡಿ ಕಲಿಸಿಕೊಡೋ ಎಂದರೆ ಬಿದ್ದರೆ ಯಾರು ನೋಡಿಕೊಳ್ಳುತ್ತಾರೆ ಎನ್ನುತ್ತಾನೆ. "ನಮ್ಮನೆ ಗಂಡಸ್ರು ಭೂಮಿ ಒಳಗೆ ಅಷ್ಟು ದೂರ ಇಳೀತಿದ್ರು, ಯಾರೂ ಬೇಡ ಅನ್ಲಿಲ್ಲ. ಈ ಎರಡು ಚಕ್ರಕ್ಕೆ ನನ್ನ ಹೆದ್ರಿಸಿ ಕೂರ್ಸಿದಾರೆ. ನಂಗೆ ಇದು ಕಲ್ಸು ಕಣ್ಣು."

ಹುಡುಗಿ ಎದ್ದು ನಿಂತಳು. ಮೊದಲು ಕ್ಯಾನು ಬಿಚ್ಚಿದಳು.

ಹಳೆ ಗಣಿಬಾವಿಯ ಕಬ್ಬಿಣದ ಚಕ್ರದ ಹತ್ತಿರ ಹುಡುಗರು ಫುಟ್‌ಬಾಲ್ ಆಡುವ ಬಯಲಿದೆ. ಅಲ್ಲಿ ಪಾಠ ಶುರುವಾಯಿತು. ಹುಡುಗರು ಮೊದಲು ನಕ್ಕರು, ಅಕ್ಕನ ಗಾಡಿ ಗೋಲಿನೊಳಗೇ ನುಗ್ಗಿದ ಮೇಲೆ ಅರ್ಧ ಬಯಲು ಬಿಟ್ಟುಕೊಟ್ಟರು. ಅಕ್ಕ ಬಿದ್ದಳು, ಎದ್ದಳು, ತಮಿಳಿನಲ್ಲಿ ಗಾಡಿಯನ್ನು ಬೈದಳು. ಹುಡುಗಿ ಹಿಂದಿನಿಂದ ಹಿಡಿದುಕೊಂಡು ಓಡುತ್ತ "ಮುಂದೆ ನೋಡಿ ಅಕ್ಕ, ಚಕ್ರ ನೋಡ್ಬೇಡಿ, ಅದು ಎಲ್ಲೂ ಓಗಲ್ಲ" ಎಂದು ಕೂಗುತ್ತಿದ್ದಳು. ನಮ್ಗೇನ್ ಕಮ್ಮಿ ಎಂದು ಬಾಗಿಲು ಮುಚ್ಚಿಕೊಂಡಿದ್ದವಳು ಅದರ ಮುಂದಿನ ಶನಿವಾರ ಬಯಲಿಗೆ ಬಂದು ಬೇಲಿಯ ಬಳಿ ನಿಂತಳು. ಯಾಕೆ ಬಂದೆ ಎಂದರೆ ಮೇಕೆ ಹುಡುಕಿಕೊಂಡು ಎಂದಳು. ಅವಳ ಮನೆಯಲ್ಲಿ ಮೇಕೆಯೇ ಇಲ್ಲ. ಮೂಲೆಮನೆಯವಳೂ ಬಂದಳು. ಆಸೆ ಎಲ್ಲರಿಗೂ ಇತ್ತು, ಬಾಯಿಬಿಟ್ಟು ಹೇಳುವುದಕ್ಕೆ ಅಕ್ಕನ ಮೊಣಕಾಲು ಬೇಕಾಯಿತು.

ನಾನು ಮೇಲ್ವಿಚಾರಕಿಯಾಗಿ ಕಲ್ಲಿನ ಮೇಲೆ ಕೂತಿದ್ದೆ. ಕೂತು ಕೂತು ಬೇಜಾರಾಯಿತು. ನನಗೇನೂ ಬೇಕಿರಲಿಲ್ಲ ಎಂದು ನಾನು ಇಷ್ಟು ದಿನ ನಂಬಿಕೊಂಡಿದ್ದೆ. ಆದರೆ ನಮ್ಮ ಮನೆಯಲ್ಲೇ ಒಂದು ಸ್ಕೂಟರು ಇತ್ತು. ನಿವೃತ್ತಿಯಾದಾಗ ಯಜಮಾನರು ಕೊಂಡದ್ದು, ಗೇರಿಲ್ಲದ್ದು, ಬಿಳಿ ಬಣ್ಣದ್ದು. ನನ್ನ ಒಳ್ಳೆಯ ಬೆಡ್‌ಶೀಟು ಹೊದೆಸಿ ಮಗುವನ್ನು ಮಲಗಿಸಿದ ಹಾಗೆ ನಿಲ್ಲಿಸಿದ್ದರು. ವಾರಕ್ಕೊಮ್ಮೆ ಒರೆಸುವುದು, ಸ್ಟಾರ್ಟ್ ಮಾಡಿ ಸದ್ದು ಕೇಳುವುದು, ಮತ್ತೆ ಮುಚ್ಚುವುದು. ಅದರ ಹಿಂದೆ ಕೂತು ನಾನು ಊರೆಲ್ಲ ತಿರುಗಿದ್ದೆ, ಮುಂದಿನ ಸೀಟು ಹೇಗಿರುತ್ತದೆ ಎಂದು ಕೇಳಿದವಳೇ ಅಲ್ಲ.

ಕೇಳಿದೆ. "ಅರವತ್ತಕ್ಕೆ ಅರಳು ಮರಳು. ಗಾಡಿ ಮುಟ್ಟಿದರೆ ನೋಡು" ಎಂದರು.

ಅವರು ಗೆಳೆಯರನ್ನು ನೋಡಲು ಮೈಸೂರು ಮೈನ್ಸ್ ಕಡೆ ಹೋದ ಒಂದು ಶನಿವಾರ ನಾನೂ ಹುಡುಗಿಯೂ ಬೆಡ್‌ಶೀಟು ತೆಗೆದೆವು. ಸೀರೆ ಬಿಟ್ಟು, ಸೊಸೆ ಮರೆತು ಹೋಗಿದ್ದ ಚೂಡಿದಾರ ಹಾಕಿಕೊಂಡೆ. ಮೊದಲ ಸಲ ಆಕ್ಸಿಲರೇಟರ್ ತಿರುಗಿಸಿದಾಗ ಗಾಡಿ ನನ್ನನ್ನು ಎಳೆದುಕೊಂಡು ಲಂಟಾನದ ಪೊದೆಗೆ ಹೋಯಿತು. ಹುಡುಗಿ ಓಡಿ ಬಂದು ಎತ್ತಿ, ಕೈಗೆ ಅಂಟಿದ ಮುಳ್ಳು ತೆಗೆದು, "ಒಳ್ಳೇದಾಯ್ತು ಮಿಸ್, ಬೀಳೋ ಶಾಸ್ತ್ರ ಮುಗೀತು" ಎಂದಳು. ನನಗೆ ನಗು ಬಂತು. ಎಷ್ಟೋ ವರ್ಷಗಳ ಮೇಲೆ ಏನೂ ಬರದವಳಾಗಿ ಒಬ್ಬರ ಮುಂದೆ ನಿಂತಿದ್ದೆ. ಅದು ಇಷ್ಟು ಹಗುರ ಎಂದು ಗೊತ್ತಿರಲಿಲ್ಲ.

ಸಂಜೆ ಯಜಮಾನರು ಬಂದು ಗಾಡಿಯ ಮುಂದೆ ನಿಂತರು. ಗೀರು ನೋಡಿದರು. ನನ್ನ ಕೈಯ ಗೀರೂ ನೋಡಿದರು. ಕುಕ್ಕರುಗಾಲಲ್ಲಿ ಕೂತು ಟಯರು ಒತ್ತಿ, "ಗಾಳಿ ಕಮ್ಮಿ ಇದೆ. ಗಾಳಿ ಹಾಕಿಸದೆ ಗಾಡಿ ತೆಗೀತಾರೇನೇ ಯಾರಾದ್ರೂ?" ಎಂದರು. ಮುಂದಿನ ಶನಿವಾರ ಅವರೇ ಗಾಳಿ ಹಾಕಿಸಿ ತಂದು ನಿಲ್ಲಿಸಿದರು. ಬೆಡ್‌ಶೀಟು ನನ್ನ ಮಂಚಕ್ಕೆ ವಾಪಸು ಬಂತು.

ಚಳಿಗಾಲ ಕಳೆಯಿತು. ಉಳಿದ ಮಕ್ಕಳಿಗಾಗಿ ಶುಕ್ರವಾರದ ಚೀಲ ಎಂದಿನಂತೆ ಬೀಳುತ್ತಲೇ ಇತ್ತು. ಅಕ್ಕ ಆಂಡರ್ಸನ್‌ಪೇಟೆಯ ತನಕ ತಾನೇ ಹೋಗಿ ಬಂದಳು. ಮಗನ ಬೈಗುಳ ಕೇಳಿಸಿಕೊಂಡು ಸೆಕೆಂಡ್ ಹ್ಯಾಂಡ್ ಮೊಪೆಡ್ಡು ವಿಚಾರಿಸಲೂ ಶುರುಮಾಡಿದಳು. ನಾನು ಲೈಸೆನ್ಸಿನ ಪರೀಕ್ಷೆ ಕೊಟ್ಟು, ಎಂಟರ ಆಕಾರದಲ್ಲಿ ಗಾಡಿ ಓಡಿಸಿ, ಲೈಸೆನ್ಸ್ ತೆಗೆದುಕೊಂಡೆ. ಹುಡುಗಿಯ ಗಂಟೆಗಳಿಗೆ ಪ್ರತಿ ಶನಿವಾರ ನೆಮ್ಮದಿಯಿಂದ ಸಹಿ ಹಾಕಿದೆ. ಬಾಕಿಯೆಲ್ಲ ಹೆಚ್ಚುಕಡಿಮೆ ತುಂಬುತ್ತ ಬಂದಿತ್ತು.

ಆಗ ಮೇಷ್ಟ್ರ ಫೋನು ಬಂತು. "ಮೇಡಂ, ಇದೇನಿದು, ಸ್ಕೂಟರ್ ಕಲಿಕೆ ಅಂತ ಬರೆದಿದೆ? ಇದು ಸೇವೆ ಅಲ್ಲ, ಡ್ರೈವಿಂಗ್ ಸ್ಕೂಲು. ಉಳಿದ ಮಕ್ಕಳು ಸ್ವಚ್ಛತೆ ಮಾಡುತ್ತಿದ್ದಾರೆ, ಇವಳಿಗೇನು ಬೇರೆ? ಸಮುದಾಯದ ಅಗತ್ಯ ಅಂತ ನಾನು ಹೇಗೆ ಒಪ್ಪಲಿ?" ಎಂದರು. ಒಪ್ಪದಿದ್ದರೆ ಅಷ್ಟೂ ಗಂಟೆ ಹೋಯಿತು. ಮತ್ತೆ ತುಂಬಲು ಸಮಯವೂ ಇರಲಿಲ್ಲ. ನಾನು ವಾದ ಮಾಡಿದೆ, ಏನು ವಾದ ಮಾಡಿದರೂ ಅವರು "ಬಂದು ನೋಡಿ ಹೇಳುತ್ತೇನೆ" ಎನ್ನುವಲ್ಲಿಗೇ ನಿಂತರು.

ಅವರು ಬರುವ ಶನಿವಾರ ಹುಡುಗಿ ಬೆಳಿಗ್ಗೆಯೇ ಬಂದಳು, ರೈಲಿನಲ್ಲಿ. ಮೊಪೆಡ್ಡು ಅವತ್ತು ಅಪ್ಪನಿಗೆ ಬೇಕಿತ್ತು. ಕಣ್ಣು ಕೆಂಪಗಿತ್ತು. ಆ ವಾರ ಸರಿಯಾಗಿ ನಿದ್ದೆ ಮಾಡಿಲ್ಲವೆಂದು ಕೇಳದೆಯೇ ತಿಳಿಯುತ್ತಿತ್ತು. ಅಕ್ಕ ಇಡ್ಲಿ ಕೊಟ್ಟರೆ ಮುರಿದು ತಟ್ಟೆಯಲ್ಲೇ ಬಿಟ್ಟಳು. ಅಷ್ಟರಲ್ಲಿ ಮೇಷ್ಟ್ರ ಫೋನು. ಬಂಗಾರಪೇಟೆಯಲ್ಲಿ ಇಳಿಯುವುದು ತಡವಾಗಿ ನಮ್ಮ ಕಡೆಯ ರೈಲು ಹೊರಟುಹೋಗಿದೆ, ಮುಂದಿನದು ಬಹಳ ಹೊತ್ತಿಗೆ, ಇನ್ನೊಂದು ದಿನ ನೋಡೋಣ. ಇನ್ನೊಂದು ದಿನ ಎಂದರೆ ಅವಳಿಗೆ ದಿನವೇ ಉಳಿದಿರಲಿಲ್ಲ. "ಅಲ್ಲೇ ಇರಿ, ಗಾಡಿ ಬರುತ್ತೆ" ಎಂದು ಫೋನಿಟ್ಟೆ.

ಹುಡುಗಿ ಸ್ಕೂಟರಿನ ಕೀ ತೆಗೆದುಕೊಂಡಳು. "ನಾನ್ ಓಗಿ ಕರ್ಕೊಂಡ್ ಬತ್ತೀನಿ ಮಿಸ್."

ಕೀ ಅವಳ ಕೈಯಿಂದ ಕಸಿದುಕೊಂಡೆ. "ನೀನು ಹೋದರೆ ನಿನಗೆ ಓಡಿಸಲು ಬರುತ್ತೆ ಅಂತ ಗೊತ್ತಾಗುತ್ತೆ. ನಾನು ಹೋದರೆ ನಿನಗೆ ಕಲಿಸಲು ಬರುತ್ತೆ ಅಂತ ಗೊತ್ತಾಗುತ್ತೆ" ಎಂದೆ. ಅಷ್ಟು ದೂರ ನಾನು ಒಂದು ಸಲವೂ ಹೋಗಿರಲಿಲ್ಲ. ಯಜಮಾನರು ಏನೋ ಹೇಳಲು ಬಂದವರು ನನ್ನ ಹೆಲ್ಮೆಟಿನ ಪಟ್ಟಿ ಬಿಗಿ ಮಾಡಿದರು.

ಊರಿಗಾಂ ದಾಟಿ, ಕಾರ್ಖಾನೆಯ ಗೋಡೆ ಮುಗಿದು, ರಸ್ತೆಯ ಎರಡೂ ಕಡೆ ಹೊಲ ಬಂದ ಮೇಲೆ ಆಕ್ಸಿಲರೇಟರ್ ಇನ್ನಷ್ಟು ತಿರುಗಿಸಿದೆ. ಲಾರಿಯೊಂದು ಪಕ್ಕದಲ್ಲಿ ಹೋದಾಗ ದೇವರನ್ನು ನೆನೆದೆ, ಆಮೇಲೆ ಗಾಳಿಗೆ ಹಾಡಿದೆ. ನನಗೆ ಅವತ್ತು ಆದ ಸಂತೋಷ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ. ಬಂಗಾರಪೇಟೆ ಸ್ಟೇಷನ್ನಿನ ಮುಂದೆ ಮೇಷ್ಟ್ರು ಜೀಪು ಬರುತ್ತದೆ ಎನ್ನುವ ಹಾಗೆ ದೂರ ನೋಡುತ್ತ ನಿಂತಿದ್ದರು. ಪಕ್ಕದಲ್ಲೇ ಗಾಡಿ ನಿಲ್ಲಿಸಿ, "ಹತ್ತಿ" ಎಂದೆ.

"ನೀವಾ?" ಎಂದರು. ಸುತ್ತ ನೋಡಿದರು. ಬೇರೆ ದಾರಿಯಿರಲಿಲ್ಲ. ಯಜಮಾನರ ಇನ್ನೊಂದು ಹೆಲ್ಮೆಟ್ ಹಾಕಿಕೊಂಡು ಹತ್ತಿದರು. ಹಿಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡದ್ದು ಕನ್ನಡಿಯಲ್ಲಿ ಕಾಣುತ್ತಿತ್ತು.

ಅರ್ಧ ದಾರಿಯ ತನಕ ನಿಧಾನ, ನಿಧಾನ ಎನ್ನುತ್ತಲೇ ಬಂದರು. ಆಮೇಲೆ ಸ್ವಲ್ಪ ಧೈರ್ಯ ಬಂದು, "ಮೇಡಂ, ನಾನು ಕಠಿಣ ಅನ್ನಬೇಡಿ. ನಾನೂ ಅದೇ ಚರಂಡಿ ಗುಡಿಸಿದವನು. ಆ ಕಸ ನೋಡಿಯೇ ನನಗೆ ಬದುಕು ಏನು ಅಂತ ತಿಳಿದಿದ್ದು" ಎಂದರು. ಇಷ್ಟು ವರ್ಷ ನುಂಗಿಕೊಂಡದ್ದನ್ನು ನಾನು ಇನ್ನು ನುಂಗಲಾರೆ ಎನಿಸಿತು. ಮುಖ ಕಾಣದಿದ್ದರೆ ಸತ್ಯ ಹೇಳುವುದು ಸುಲಭ. ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಎಲ್ಲ ಹೇಳಿದೆ. ಗೋಣಿಚೀಲ, ಮಳೆಮರ, ಶುಕ್ರವಾರ, ಅಕ್ಕ. ಅವರು ಗುಡಿಸಿದ್ದು ಯಾವ ಕಸ, ಅದು ಎಲ್ಲಿಂದ ಬಂದದ್ದು. ಅದನ್ನು ಕಂಡುಹಿಡಿದು ಬೇಡ ಎಂದವಳು ಯಾರು, ಹಾಗೆ ಎಂದದ್ದಕ್ಕೆ ಅವಳು ಏನು ಕಳೆದುಕೊಳ್ಳುವುದರಲ್ಲಿದ್ದಾಳೆ ಎಂದೂ ಹೇಳಿದೆ.

ಹಿಂದಿನಿಂದ ಸದ್ದಿಲ್ಲ. ಬಿದ್ದುಹೋದರೇನೋ ಎಂದು ಕನ್ನಡಿ ನೋಡಿದೆ. ಇದ್ದರು. "ಯಾಕೆ ಹಾಗೆ ಮಾಡಿದಿರಿ?" ಎಂದರು.

"ನಿಮ್ಮನ್ನು ನೋಡಿ ಪಾಪ ಅನ್ನಿಸ್ತು" ಎಂದೆ.

ಆಗ ಅವರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಗಾಡಿ ಅಲ್ಲಾಡುವಷ್ಟು. ಅಲ್ಲಾಡಬೇಡಿ ಎಂದು ನಾನು ಟೀಚರ್ ದನಿಯಲ್ಲಿ ಗದರಿಸಬೇಕಾಯಿತು.

ಲೈನಿನಲ್ಲಿ ಎಲ್ಲರೂ ಬಾಗಿಲಲ್ಲಿ ನಿಂತಿದ್ದರು. ಹುಡುಗಿ ಬೇವಿನ ಮರದ ಕೆಳಗೆ ಕೈ ಕಟ್ಟಿಕೊಂಡು ನಿಂತಿದ್ದಳು. ಮೇಷ್ಟ್ರು ಇಳಿದು, ಕಾಲು ಸಡಿಲ ಮಾಡಿಕೊಂಡು, ನೀರು ಕೇಳಿ ಕುಡಿದರು. ಅಕ್ಕನ ಮುಖ ನೋಡಿ ಕೈಮುಗಿದರು. ಅಕ್ಕ ಎಲೆ ಅಂಟಿಲ್ಲದಿದ್ದರೂ ಸೆರಗು ಕೊಡವಿದಳು. ಆಮೇಲೆ ಮೇಷ್ಟ್ರು ಹುಡುಗಿಯ ಬಳಿ ಹೋಗಿ, "ಇಲ್ಲಿಯ ತನಕ ಈ ಲೈನಿಗೆ ಏನಾದರೂ ಮಾಡಿದವಳು ನೀನೊಬ್ಬಳೇ ಕಣಮ್ಮ. ಗಂಟೆ ಎಲ್ಲ ಸರಿಯಾಗಿದೆ. ನಾಲ್ಕನೇ ವರ್ಷಕ್ಕೆ ಬಾ" ಎಂದರು. ಅವಳು "ಸರಿ ಸರ್" ಎಂದಳು, ಅಷ್ಟೇ. ಕೂರಲು ಜಾಗ ಹುಡುಕಿ ಅಕ್ಕನ ಮೆಟ್ಟಿಲ ಮೇಲೆ ಕೂತು, ಬೆಳಿಗ್ಗೆ ಬಿಟ್ಟಿದ್ದ ಇಡ್ಲಿ ಕೇಳಿ ಹಾಕಿಸಿಕೊಂಡು ತಿಂದಳು. ಮೇಷ್ಟ್ರು ಮಧ್ಯಾಹ್ನದ ರೈಲಿಗೇ ಹೋಗುತ್ತೇನೆ ಎಂದು ಗಟ್ಟಿಯಾಗಿ ಹೇಳಿ ಸ್ಟೇಷನ್ನಿನ ತನಕ ನಡೆದುಕೊಂಡೇ ಹೋದರು.

ಸಂಜೆ ಹುಡುಗಿಯನ್ನು ನಾನೇ ರೈಲಿಗೆ ಬಿಡಲು ಹೊರಟೆ. ಚಾಂಪಿಯನ್ ಸ್ಟೇಷನ್ನು ದೂರವೇನಿಲ್ಲ. ಏನೋ ಮಾತಾಡುತ್ತಿದ್ದವಳು ತಿರುವಿನ ನಂತರ ಸುಮ್ಮನಾದಳು. ನನ್ನ ಬೆನ್ನ ಮೇಲೆ ತೂಕ ಬಿತ್ತು. ನಿಧಾನ ಮಾಡಿ, ಸ್ಟೇಷನ್ನಿನ ಮರದ ಕೆಳಗೆ ನಿಲ್ಲಿಸಿ, ಎರಡೂ ಕಾಲು ನೆಲಕ್ಕೂರಿದೆ. ನಿದ್ದೆ ಹೋಗಿದ್ದಳು. ವಾರ ವಾರ ಊರಿಗೆ ಬಂದು, ಎಲ್ಲರಿಗಿಂತ ಮುಂಚೆ ಎದ್ದು, ತುಂಬಿದ ಕ್ಯಾನು ಚೆಲ್ಲದ ಹಾಗೆ ಗಾಡಿ ಓಡಿಸುವ ಹುಡುಗಿ. ಅವಳನ್ನು ಯಾರಾದರೂ ಹಿಂದೆ ಕೂರಿಸಿಕೊಂಡು ಹೋಗಿ ಎಷ್ಟು ಕಾಲವಾಗಿತ್ತೋ.

ರೈಲು ಬಂತು. ಎಬ್ಬಿಸಬೇಕು ಎಂದುಕೊಂಡೆ, ಆಗಲಿಲ್ಲ. ಹತ್ತುವವರು ಹತ್ತಿದರು, ರೈಲು ಹೊರಟುಹೋಯಿತು. ಆ ಸದ್ದಿಗೆ ಅವಳು ಗಾಬರಿಯಾಗಿ ಎದ್ದಳು. "ಮಿಸ್, ರೈಲು ಓಯ್ತಲ್ಲ. ಎಬ್ಬಿಸ್ಬಾರ್ದಾಗಿತ್ತಾ?"

"ಹೋಗಲಿ ಬಿಡು. ಗಟ್ಟಿಯಾಗಿ ಹಿಡಿದುಕೊಂಡು ಕೂತುಕೋ" ಎಂದು ಗಾಡಿ ತಿರುಗಿಸಿದೆ. ಅವಳ ಊರಿನ ತನಕ ನಾನೇ ಬಿಟ್ಟು ಬಂದೆ.